ಸ್ಕೈರಿಮ್ ಆಡಲು ಕೂರುವ ಮುನ್ನ: ಬೆಂಗಳೂರಿನ ಹೊಸ ಆಟಗಾರರಿಗೆ ಕೈಪಿಡಿ

ದಿ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಐದನೆಯ ಆಟ ಸ್ಕೈರಿಮ್ ಬಿಡುಗಡೆಯಾದದ್ದು 2011ರ ನವೆಂಬರ್ 11ರಂದು. ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಮಾಡಿದ ಈ ಆಟವನ್ನು ಇವತ್ತಿಗೂ ಹೊಸಬರು ಶುರುಮಾಡುತ್ತಲೇ ಇದ್ದಾರೆ. ಅರ್ಧಕ್ಕೆ ಬಿಡುವವರು ಹೇಳುವ ಕಾರಣಗಳೂ ಹೆಚ್ಚುಕಮ್ಮಿ ಒಂದೇ: ಕರೆಂಟ್ ಹೋಗಿ ಎರಡು ಗಂಟೆಯ ಆಟ ಮಣ್ಣುಪಾಲಾಯಿತು, ಹೊರೆ ಜಾಸ್ತಿಯಾಗಿ ಪಾತ್ರ ತೆವಳತೊಡಗಿತು, ಶತ್ರುಗಳು ಇದ್ದಕ್ಕಿದ್ದಂತೆ ವಿಪರೀತ ಬಲವಾದರು, ಮಾಡ್ (ಆಟವನ್ನು ಮಾರ್ಪಡಿಸುವ ಸೇರ್ಪಡೆ) ಹಾಕಿದ ಮೇಲೆ ಆಟ ತೆರೆಯುತ್ತಲೇ ಇಲ್ಲ. ಇವಕ್ಕೆಲ್ಲ ಗೊತ್ತಿರುವ ಕಾರಣಗಳಿವೆ, ಮೊದಲೇ ತಡೆಯಬಹುದು. ತಡೆದರೆ ಉಳಿಯುವುದು ಈ ಆಟದ ನಿಜವಾದ ಸುಖ: ಯಾವುದೋ ಕೆಲಸಕ್ಕೆಂದು ಹೊರಟು, ದಾರಿ ಬಿಟ್ಟು, ಕಂಡ ಗುಡ್ಡವನ್ನೆಲ್ಲ ಹತ್ತುವುದು.

ಯಾವ ಆವೃತ್ತಿ, ಎಂಥ ಕಂಪ್ಯೂಟರ್

ಕೊಳ್ಳಬೇಕಾದದ್ದು 2016ರಲ್ಲಿ ಬಂದ ಸ್ಪೆಷಲ್ ಎಡಿಷನ್. ಹಳೆಯ 2011ರ ಆವೃತ್ತಿ 32 ಬಿಟ್‌ನದು. ಅದು ಬಳಸಿಕೊಳ್ಳಬಲ್ಲ ಮೆಮೊರಿಗೆ ಮಿತಿ ಇದೆ, ಹಾಗಾಗಿ ದೊಡ್ಡ ಮಾಡ್‌ಗಳನ್ನು ಹಾಕಿದರೆ ಕ್ರ್ಯಾಶ್ ಆಗುತ್ತದೆ. ಸ್ಪೆಷಲ್ ಎಡಿಷನ್ 64 ಬಿಟ್‌ನದು, ಡಾನ್‌ಗಾರ್ಡ್, ಹಾರ್ತ್‌ಫೈರ್, ಡ್ರ್ಯಾಗನ್‌ಬಾರ್ನ್ ಎಂಬ ಮೂರೂ ವಿಸ್ತರಣೆಗಳು ಅದರಲ್ಲೇ ಬರುತ್ತವೆ. 2021ರ ಆ್ಯನಿವರ್ಸರಿ ಅಪ್‌ಗ್ರೇಡ್ ಮೊದಲ ಸಲಕ್ಕೆ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅದು ತರುವ ಹೆಚ್ಚುವರಿ ಕ್ವೆಸ್ಟ್‌ಗಳು (ಆಟ ವಹಿಸುವ ಕೆಲಸಗಳು) ಶುರುವಿನಲ್ಲೇ ಪಟ್ಟಿ ತುಂಬಿಸಿಬಿಡುತ್ತವೆ, ಮೂಲ ಆಟ ಯಾವುದು, ಸೇರಿಸಿದ್ದು ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಯುಪಿಐ ನಡೆಯುತ್ತದೆ. ಸೇಲ್‌ವರೆಗೆ ಕಾಯಿರಿ, ಈ ಆಟದ ಮೇಲೆ ರಿಯಾಯಿತಿ ಬರುತ್ತಲೇ ಇರುತ್ತದೆ.

ಕನಿಷ್ಠ 8 ಜಿಬಿ ರ್‍ಯಾಮ್, 12 ಜಿಬಿ ಜಾಗ ಬೇಕು. ಎಸ್.ಪಿ. ರೋಡ್‌ನಲ್ಲಿ ಸಿಗುವ ಸೆಕೆಂಡ್‌ಹ್ಯಾಂಡ್ ಜಿಟಿಎಕ್ಸ್ 1060 ಅಥವಾ 1650 ಗ್ರಾಫಿಕ್ಸ್ ಕಾರ್ಡ್ 1080ಪಿ ಪರದೆಗೆ ಧಾರಾಳವಾಗಿ ಸಾಕು. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಕಾರ್ಡನ್ನು ಹಾಕಿಸಿ, ಹತ್ತು ಹದಿನೈದು ನಿಮಿಷ ಲೋಡ್ ಕೊಟ್ಟು ಉಷ್ಣತೆ ನೋಡಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಇರುವ ದುಡ್ಡಿಗೆ ಕಾರ್ಡ್ ಅಥವಾ ಎಸ್‌ಎಸ್‌ಡಿ ಎರಡರಲ್ಲಿ ಒಂದೇ ಬರುವುದಾದರೆ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಸ್ಕೈರಿಮ್‌ನಲ್ಲಿ ಪ್ರತಿ ಮನೆ, ಪ್ರತಿ ಗುಹೆ, ಪ್ರತಿ ಊರಬಾಗಿಲಿಗೂ ಲೋಡಿಂಗ್ ಪರದೆ ಬರುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಆಡಿದರೆ ಆಟದ ಒಂದು ಪಾಲು ಕಾಯುವುದರಲ್ಲೇ ಹೋಗುತ್ತದೆ.

50 ಎಂಬಿಪಿಎಸ್ ಫೈಬರ್ ಇದ್ದರೆ ಡೌನ್‌ಲೋಡ್ ಅರ್ಧ ಗಂಟೆಯ ಕೆಲಸ. ಪಿ.ಜಿ.ಯಲ್ಲಿದ್ದು ಫೋನ್ ಹಾಟ್‌ಸ್ಪಾಟ್ ನಂಬಿದ್ದರೆ, ದಿನಕ್ಕೆ 2 ಜಿಬಿ ಪ್ಲಾನ್‌ನಲ್ಲಿ ಆರು ದಿನ ಹಿಡಿಯುತ್ತದೆ, ಅದೂ ಬೇರೇನೂ ನೋಡದಿದ್ದರೆ. ಸ್ನೇಹಿತರ ಕಂಪ್ಯೂಟರ್‌ನಲ್ಲಿ ಆಟ ಇದ್ದರೆ ಸ್ಟೀಮ್ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ತಂದು, ನಿಮ್ಮ ಖಾತೆಯಿಂದ ಇನ್‌ಸ್ಟಾಲ್ ಒತ್ತಿ. ಇರುವ ಫೈಲ್‌ಗಳನ್ನು ಸ್ಟೀಮ್ ಪರಿಶೀಲಿಸಿ, ಇಲ್ಲದ್ದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಹಾಕಬೇಡಿ. ಐಟಿ ವಿಭಾಗಕ್ಕೆ ಕಾಣುತ್ತದೆ. ಅದೂ ಅಲ್ಲದೆ ಮುಂದೆ ಹೇಳುವ ಮಾಡ್‌ಗಳ ಸಾಧನಗಳನ್ನು ಕಂಪನಿಯ ಭದ್ರತಾ ತಂತ್ರಾಂಶ ಅಳಿಸಿಹಾಕುವ ಸಂಭವವೇ ಹೆಚ್ಚು.

ಮೊದಲ ದಿನವೇ ಮಾಡಬೇಕಾದ ಒಂದು ಕೆಲಸವಿದೆ. ಈಗಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಪರದೆ 120 ಅಥವಾ 144 ಹರ್ಟ್ಸ್‌ನದು. ಸ್ಕೈರಿಮ್‌ನ ಭೌತಚಲನೆಯ ಲೆಕ್ಕ ಸೆಕೆಂಡಿಗೆ 60 ಫ್ರೇಮ್ ಎಂದೇ ಕಟ್ಟಿದ್ದು. ಅದನ್ನು ಮೀರಿದರೆ ಮೇಜಿನ ಮೇಲಿನ ತಟ್ಟೆ ಲೋಟಗಳು ನೀವು ಒಳಗೆ ಕಾಲಿಟ್ಟ ಕೂಡಲೇ ಹಾರಿ ಬೀಳುತ್ತವೆ, ಆಟದ ಆರಂಭದ ಗಾಡಿ ಕುಪ್ಪಳಿಸಿ ಮಗುಚುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಸ್ಕೈರಿಮ್ ಒಂದಕ್ಕೆ ಮಾತ್ರ ಮ್ಯಾಕ್ಸ್ ಫ್ರೇಮ್ ರೇಟ್ 60 ಎಂದು ಕೊಡಿ. ಇದರಿಂದ ಇನ್ನೊಂದು ಲಾಭವೂ ಇದೆ. ಮಾರ್ಚ್‌ನಿಂದ ಮೇವರೆಗೆ ಮೇಲ್ಮಹಡಿಯ ಕೋಣೆಗಳಲ್ಲಿ ಲ್ಯಾಪ್‌ಟಾಪ್ ಬೇಗ ಕಾಯುತ್ತದೆ, ಕಾದ ಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. 60ಕ್ಕೆ ಕಟ್ಟಿಹಾಕಿದರೆ ಕಾರ್ಡ್‌ಗೆ ಅಷ್ಟು ದುಡಿತ ಇರುವುದಿಲ್ಲ. ಲ್ಯಾಪ್‌ಟಾಪ್‌ನ ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ ಇಡಿ, ಹಾಸಿಗೆಯ ಮೇಲೆ ಇಟ್ಟು ಆಡಬೇಡಿ.

ಕರೆಂಟ್ ಮತ್ತು ಸೇವ್

ಬೆಸ್ಕಾಂ ನಿಗದಿತ ನಿಲುಗಡೆಯನ್ನು ಮೊದಲೇ ಪ್ರಕಟಿಸುತ್ತದೆ, ಅದಕ್ಕೆ ಸಿದ್ಧರಾಗಬಹುದು. ಮಳೆಗಾಲದ ಸಂಜೆ ಮರದ ಕೊಂಬೆ ಬಿದ್ದು ಹೋಗುವ ಕರೆಂಟ್ ಮಾತ್ರ ಹೇಳಿಕೇಳಿ ಹೋಗುವುದಿಲ್ಲ. ಡೆಸ್ಕ್‌ಟಾಪ್ ಇದ್ದವರಿಗೆ ಯುಪಿಎಸ್ ಬೇಕೇ ಬೇಕು. 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್. 1650 ಕಾರ್ಡ್‌ನ ಕಂಪ್ಯೂಟರ್, ಮಾನಿಟರ್ ಎರಡೂ ಸೇರಿ ಅದರೊಳಗೇ ಮುಗಿಯುತ್ತವೆ, ಸೇವ್ ಮಾಡಿ ಶಟ್‌ಡೌನ್ ಮಾಡಲು ಬೇಕಾದ ಕೆಲವು ನಿಮಿಷ ಸಿಗುತ್ತವೆ. ಇದಕ್ಕಿಂತ ದೊಡ್ಡ ಕಾರ್ಡ್ ಇದ್ದರೆ 1000 ವಿಎ ಆಸುಪಾಸಿನದು ನೋಡಿ. ಮನೆಯ ಇನ್ವರ್ಟರ್ ಇದೆಯಲ್ಲ ಎನ್ನುವವರು ಅದರ ಮೇಲಿನ ಸ್ವಿಚ್ ನೋಡಬೇಕು. ಸಾಮಾನ್ಯ ಮೋಡ್‌ನಲ್ಲಿ ಬದಲಾಗುವ ಹೊತ್ತು ಕಂಪ್ಯೂಟರಿಗೆ ತಡವಾಗಿ, ಅದು ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಮೋಡ್‌ಗೆ ಹಾಕಿದರೆ ಬಹುಪಾಲು ನಿಭಾಯಿಸುತ್ತದೆ. ಇಂಟರ್ನೆಟ್ ಹೋದರೆ ಚಿಂತೆಯಿಲ್ಲ, ಇದು ಒಬ್ಬರೇ ಆಡುವ ಆಟ, ಸ್ಟೀಮ್‌ನ ಆಫ್‌ಲೈನ್ ಮೋಡ್‌ನಲ್ಲಿ ನಡೆಯುತ್ತದೆ.

ಸೇವ್ ವಿಷಯದಲ್ಲಿ ತುಸು ಶಿಸ್ತು ಬೇಕು. ಎಫ್5 ಒತ್ತಿದರೆ ಕ್ವಿಕ್‌ಸೇವ್ ಆಗುತ್ತದೆ, ಆದರೆ ಪ್ರತಿ ಸಲವೂ ಹಿಂದಿನ ಕ್ವಿಕ್‌ಸೇವ್‌ನ ಮೇಲೇ ಬರೆಯುತ್ತದೆ. ಸೇತುವೆಯಿಂದ ಬೀಳುತ್ತಿರುವಾಗ ಕೈತಪ್ಪಿ ಎಫ್5 ಒತ್ತಿದರೆ, ಎಷ್ಟು ಸಲ ಲೋಡ್ ಮಾಡಿದರೂ ಬಿದ್ದು ಸಾಯುತ್ತಲೇ ಇರುತ್ತೀರಿ. ಹಾಗಾಗಿ ಗುಹೆಯ ಒಳಗೆ ಹೋಗುವ ಮುಂಚೆ ಬಾಗಿಲಿನ ಹೊರಗೆ ನಿಂತು, ಮೆನುವಿನಿಂದ ಹೊಸ ಸೇವ್ ಮಾಡಿ. ಮುಗಿಸಿ ಹೊರಬಂದ ಮೇಲೆ ಇನ್ನೊಂದು. ಇಂಥ ಹತ್ತು ಹದಿನೈದು ಇಟ್ಟುಕೊಂಡು ಹಳೆಯದನ್ನು ಅಳಿಸುತ್ತಾ ಬನ್ನಿ. ಜಗಳದ ನಡುವೆ ಸೇವ್ ಮಾಡದಿರುವುದು ಒಳ್ಳೆಯದು.

ಫೈಲ್‌ಗಳು ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್ ಫೋಲ್ಡರ್‌ನಲ್ಲಿರುತ್ತವೆ. ವಿಂಡೋಸ್ 11ರಲ್ಲಿ ಬಹಳ ಸಲ ಡಾಕ್ಯುಮೆಂಟ್ಸ್ ಫೋಲ್ಡರೇ ಒನ್‌ಡ್ರೈವ್‌ಗೆ ಹೋಗಿ ಕುಳಿತಿರುತ್ತದೆ. ಉಚಿತ ಜಾಗ ತುಂಬಿದಾಗ ಅಥವಾ ಸಿಂಕ್ ಅರ್ಧಕ್ಕೆ ನಿಂತಾಗ ಸೇವ್‌ಗಳು ಕಾಣೆಯಾದಂತೆ ತೋರುತ್ತವೆ. ಒನ್‌ಡ್ರೈವ್ ಸೆಟ್ಟಿಂಗ್‌ನಲ್ಲಿ ಡಾಕ್ಯುಮೆಂಟ್ಸ್‌ನ ಬ್ಯಾಕಪ್ ನಿಲ್ಲಿಸಿ, ವಾರಕ್ಕೊಮ್ಮೆ ಸೇವ್ ಫೋಲ್ಡರನ್ನು ನೀವೇ ಪೆನ್‌ಡ್ರೈವ್‌ಗೆ ನಕಲು ಮಾಡಿ.

ಹೆಲ್ಗೆನ್‌ನಿಂದ ವೈಟ್‌ರನ್‌ವರೆಗೆ

ಹತ್ತು ಜನಾಂಗಗಳಲ್ಲಿ ಯಾವುದನ್ನು ಆರಿಸಲಿ ಎಂದು ಒಂದು ಗಂಟೆ ಕೂರಬೇಡಿ. ಯಾವುದರಿಂದಲೂ ಏನು ಬೇಕಾದರೂ ಆಗಬಹುದು, ಶುರುವಿನಲ್ಲಿ ಸ್ವಲ್ಪ ವ್ಯತ್ಯಾಸವಷ್ಟೆ. ಆಟ ಶುರುವಾಗುವ ಹೆಲ್ಗೆನ್‌ನಲ್ಲಿ ಸಾಮ್ರಾಜ್ಯದ ಸೈನಿಕ ಹ್ಯಾಡ್ವಾರ್ ಹಿಂದೆ ಹೋದರೂ ಬಂಡಾಯಗಾರ ರಾಲೋಫ್ ಹಿಂದೆ ಹೋದರೂ ಮುಂದೆ ಯಾವ ಪಕ್ಷ ಸೇರಬೇಕೆಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ರಿವರ್‌ವುಡ್‌ಗೆ ಹೋಗುವ ದಾರಿಯಲ್ಲಿ ಮೂರು ಗಾರ್ಡಿಯನ್ ಕಲ್ಲುಗಳು ಸಿಗುತ್ತವೆ. ಯೋಧ, ಮಾಂತ್ರಿಕ, ಕಳ್ಳ, ಈ ಮೂರರಲ್ಲಿ ಒಂದನ್ನು ಮುಟ್ಟಿದರೆ ಆ ಗುಂಪಿನ ಕೌಶಲಗಳು ಶೇ. 20ರಷ್ಟು ಬೇಗ ಬೆಳೆಯುತ್ತವೆ. ಯಾವಾಗ ಬೇಕಾದರೂ ವಾಪಸ್ ಬಂದು ಬದಲಾಯಿಸಬಹುದು. ರಿವರ್‌ವುಡ್‌ನ ಅಂಗಡಿಯಲ್ಲಿ ಕಳುವಾದ ಚಿನ್ನದ ಪಂಜದ ಕ್ವೆಸ್ಟ್ ತೆಗೆದುಕೊಂಡು ಮೊದಲು ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಗವಿಗೆ ಹೋಗಿ. ವೈಟ್‌ರನ್ ನಗರದ ಆಸ್ಥಾನ ಮಾಂತ್ರಿಕ ಫಾರೆನ್‌ಗಾರ್ ಆಮೇಲೆ ತರಲು ಹೇಳುವ ಡ್ರ್ಯಾಗನ್‌ಸ್ಟೋನ್ ಇರುವುದೂ ಅಲ್ಲೇ, ಒಂದೇ ಸಲಕ್ಕೆ ಎರಡು ಕೆಲಸ ಮುಗಿಯುತ್ತದೆ.

ಆ ಗವಿಯೊಳಗಿನ ದೊಡ್ಡ ಜೇಡ ಮೊದಲ ಲೆವೆಲ್‌ನವರನ್ನು ಸುಲಭವಾಗಿ ಕೊಲ್ಲುತ್ತದೆ. ಅದಕ್ಕೆ ಕೋಣೆಯ ಕಿರಿದಾದ ಬಾಗಿಲಿನಿಂದ ಹೊರಬರಲಾಗದು. ಹಿಂದೆ ಸರಿದು ಬಾಗಿಲಾಚೆ ನಿಂತು ಬಾಣ ಬಿಡಿ. ಇನ್ನೂ ಮುಂದೆ ಮೂರು ಉಂಗುರಗಳ ಬಾಗಿಲು ಬರುತ್ತದೆ, ಪ್ರತಿ ಉಂಗುರದ ಮೇಲೂ ಪ್ರಾಣಿಗಳ ಚಿತ್ರ. ಹೊಸಬರು ಅರ್ಧ ಗಂಟೆ ಸುಮ್ಮನೆ ತಿರುಗಿಸುತ್ತಾ ನಿಲ್ಲುವ ಜಾಗ ಇದು. ಇನ್ವೆಂಟರಿ (ಹೊತ್ತ ಸಾಮಾನಿನ ಪಟ್ಟಿ) ತೆರೆದು ಚಿನ್ನದ ಪಂಜವನ್ನು ಹತ್ತಿರಕ್ಕೆ ಎಳೆದು, ಮೌಸ್‌ನಿಂದ ಹೊರಳಿಸಿ ಅಂಗೈ ಕಡೆ ನೋಡಿ. ಅಲ್ಲಿ ಮೂರು ಸಣ್ಣ ಚಿತ್ರಗಳು ಕೊರೆದಿವೆ, ಮೇಲಿನಿಂದ ಕೆಳಕ್ಕೆ, ಅದೇ ಕ್ರಮದಲ್ಲಿ ಹೊರಗಿನ ಉಂಗುರದಿಂದ ಒಳಕ್ಕೆ ಕೂರಿಸಿದರೆ ಪಂಜವೇ ಕೀಲಿಯಾಗುತ್ತದೆ. ಮುಂದೆ ಸಿಗುವ ಇಂಥ ಪಂಜದ ಬಾಗಿಲುಗಳಿಗೂ ಉತ್ತರ ಪಂಜದ ಅಂಗೈಯಲ್ಲೇ ಇರುತ್ತದೆ. ಕೈಯಲ್ಲಿ ಹಿಡಿದ ವಸ್ತುವನ್ನೇ ತಿರುಗಿಸಿ ನೋಡಿ ಉತ್ತರ ಕಂಡುಕೊಳ್ಳುವ ಆ ಗಳಿಗೆಗಾಗಿ, ದಯವಿಟ್ಟು ಇಂಟರ್ನೆಟ್‌ನಲ್ಲಿ ಉತ್ತರ ಹುಡುಕಬೇಡಿ.

ಆಮೇಲೆ ಒಂದು ನಿರ್ಧಾರ. ವೈಟ್‌ರನ್‌ನ ಪಶ್ಚಿಮ ಕಾವಲುಗೋಪುರದ ಡ್ರ್ಯಾಗನ್ ಕ್ವೆಸ್ಟ್‌ಗೆ ಕೈಹಾಕುವವರೆಗೆ ಊರೂರಿಗೆ ಡ್ರ್ಯಾಗನ್‌ಗಳು ಬಂದೆರಗುವುದಿಲ್ಲ. ಶಾಂತವಾಗಿ ಸುತ್ತಬೇಕೆಂದರೆ ಅದನ್ನು ಮುಂದೂಡಿ. ಆದರೆ ಶೌಟ್‌ಗಳು (ಕೂಗಿ ಪ್ರಯೋಗಿಸುವ ಡ್ರ್ಯಾಗನ್ ಭಾಷೆಯ ಮಂತ್ರಗಳು), ಲಿಡಿಯಾ ಎಂಬ ಸಂಗಾತಿ, ಎರಡೂ ಆ ಕ್ವೆಸ್ಟ್‌ನ ಆಚೆಗೇ ಇವೆ. 5000 ನಾಣ್ಯದ ಬ್ರೀಜ್‌ಹೋಮ್ ಮನೆ ಕೊಳ್ಳಲು ಡ್ರ್ಯಾಗನ್‌ಸ್ಟೋನ್ ಒಪ್ಪಿಸಿದ ಮೇಲೆ ಅನುಮತಿ ಸಿಗುತ್ತದೆ. ಇನ್ನೊಂದು ಎಚ್ಚರಿಕೆ: ಬಯಲಿನಲ್ಲಿ ಮ್ಯಾಮತ್‌ಗಳ ಜೊತೆ ನಿಂತಿರುವ ದೈತ್ಯರ ತಂಟೆಗೆ ಹೋಗಬೇಡಿ. ಗದೆಯ ಒಂದೇ ಏಟಿಗೆ ನಿಮ್ಮ ಪಾತ್ರ ಆಕಾಶಕ್ಕೆ ಹೋಗುತ್ತದೆ.

ಲೆವೆಲ್ ಏರಿದಷ್ಟೂ ಆಟ ಕಷ್ಟವಾಗುವುದೇಕೆ

ಸ್ಕೈರಿಮ್‌ನಲ್ಲಿ ಶತ್ರುಗಳ ಬಲ ಬಹುಮಟ್ಟಿಗೆ ನಿಮ್ಮ ಲೆವೆಲ್‌ಗೆ ತಕ್ಕಂತೆ ಏರುತ್ತದೆ. ನಿಮ್ಮ ಲೆವೆಲ್ ಏರುವುದು 18 ಕೌಶಲಗಳಲ್ಲಿ ಯಾವುದು ಏರಿದರೂ ಸರಿ. ಸಂಕಟ ಇಲ್ಲೇ ಇದೆ. ವ್ಯಾಪಾರ, ಬೀಗ ತೆಗೆಯುವುದು, ಜೇಬು ಕತ್ತರಿಸುವುದು ಇವನ್ನೇ ಮಾಡಿ 20ನೇ ಲೆವೆಲ್‌ಗೆ ಬಂದವರ ಕತ್ತಿವರಸೆ ಇನ್ನೂ 25ರಲ್ಲೇ ಇರುತ್ತದೆ, ಎದುರಿಗೆ ನಿಲ್ಲುವವರು ಮಾತ್ರ 20ನೇ ಲೆವೆಲ್‌ನವರು. ಹಾಗಾಗಿ ಒಂದು ಆಯುಧ, ಒಂದು ಬಗೆಯ ಕವಚ, ಒಂದು ಸಹಾಯಕ ಕೌಶಲ, ಇಷ್ಟನ್ನು ಮೊದಲೇ ಆರಿಸಿ, ಅವು 50 ದಾಟುವವರೆಗೆ ಪರ್ಕ್‌ಗಳನ್ನು (ಲೆವೆಲ್ ಏರಿದಾಗ ಆರಿಸುವ ವಿಶೇಷ ಸಾಮರ್ಥ್ಯಗಳು) ಅವಕ್ಕೇ ಹಾಕಿ. ಬೀಗದ ಕೌಶಲಕ್ಕೆ ಪರ್ಕ್ ಹಾಕುವುದು ದಂಡ, ಕೈ ಪಳಗಿದರೆ ಪರ್ಕ್ ಇಲ್ಲದೆಯೂ ಎಲ್ಲ ಬೀಗ ತೆಗೆಯಬಹುದು.

ಕಬ್ಬಿಣದ ಕಠಾರಿಗಳನ್ನು ನೂರಾರು ಬಡಿದು ಕಮ್ಮಾರಿಕೆ ಬೆಳೆಸಿ ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಅದು ಹಳೆಯ ಆವೃತ್ತಿಯ ಮಾತು. ಈಗ ಮಾಡಿದ ವಸ್ತುವಿನ ಬೆಲೆ ಹೆಚ್ಚಾದಷ್ಟೂ ಹೆಚ್ಚು ಅನುಭವ ಸಿಗುತ್ತದೆ, ಆದ್ದರಿಂದ ಚಿನ್ನದ ಒಡವೆ ಮಾಡಿ. ವೈಟ್‌ರನ್‌ನ ಉತ್ತರಕ್ಕಿರುವ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್‌ನಲ್ಲಿ ಟ್ರಾನ್ಸ್‌ಮ್ಯೂಟ್ ಮಂತ್ರದ ಪುಸ್ತಕ ಸಿಗುತ್ತದೆ. ಅದು ಕಬ್ಬಿಣದ ಅದಿರನ್ನು ಬೆಳ್ಳಿಯದಾಗಿ, ಬೆಳ್ಳಿಯದನ್ನು ಚಿನ್ನದ್ದಾಗಿ ಮಾಡುತ್ತದೆ, ಒಂದು ಸಲಕ್ಕೆ ಒಂದೇ ತುಂಡು. ಚಿನ್ನದ ಒಂದು ಗಟ್ಟಿಗೆ ಎರಡು ತುಂಡು ಅದಿರು ಬೇಕು.

ಪ್ರತಿ ಲೆವೆಲ್‌ಗೆ ಆರೋಗ್ಯ, ಮ್ಯಾಜಿಕಾ, ಸ್ಟ್ಯಾಮಿನಾ ಮೂರರಲ್ಲಿ ಒಂದಕ್ಕೆ 10 ಸೇರುತ್ತದೆ. ಯೋಧರಾದರೆ ಎರಡು ಸಲ ಆರೋಗ್ಯಕ್ಕೆ, ಒಂದು ಸಲ ಸ್ಟ್ಯಾಮಿನಾಗೆ ಹಾಕುವ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಲೆವೆಲ್ ಏರಿದ್ದನ್ನು ಒಪ್ಪಿಕೊಂಡ ಕ್ಷಣ ಮೂರೂ ಪೂರ್ತಿ ತುಂಬುತ್ತವೆ, ಹಾಗಾಗಿ ದೊಡ್ಡ ಕಾಳಗಕ್ಕೆ ಮುಂಚೆ ಒಂದು ಲೆವೆಲ್ ಬಾಕಿ ಉಳಿಸಿಕೊಂಡರೆ ಅದೇ ಸಂಜೀವಿನಿ. ಕವಚದ ಅಂಕ ಸುಮಾರು 567 ಮುಟ್ಟಿದರೆ ಏಟಿನ ಶೇ. 80 ತಡೆಯುತ್ತದೆ, ಅದೇ ಗರಿಷ್ಠ. ಕಷ್ಟದ ಮಟ್ಟ ಅಡೆಪ್ಟ್‌ನಲ್ಲಿರಲಿ. ಲೆಜೆಂಡರಿಯಲ್ಲಿ ನಿಮ್ಮ ಏಟು ಕಾಲು ಭಾಗಕ್ಕಿಳಿಯುತ್ತದೆ, ನಿಮಗೆ ಬೀಳುವುದು ಮೂರು ಪಟ್ಟಾಗುತ್ತದೆ. ಅದರಿಂದ ಹೆಚ್ಚುವುದು ಕಾಳಗದ ಉದ್ದವೇ ಹೊರತು ರುಚಿಯಲ್ಲ.

ಹೊರೆ, ಮಾರಾಟ, ಮದ್ದು

ಆರಂಭದಲ್ಲಿ ಹೊರಬಲ್ಲ ತೂಕ 300. ಸ್ಟ್ಯಾಮಿನಾಗೆ 10 ಹಾಕಿದಾಗಲೆಲ್ಲ ಇದಕ್ಕೆ 5 ಸೇರುತ್ತದೆ. ಮೀರಿದರೆ ಓಡಲಾಗದು, ಫಾಸ್ಟ್ ಟ್ರಾವೆಲ್ (ನಕ್ಷೆಯಿಂದಲೇ ನೇರವಾಗಿ ಊರಿಗೆ ಹೋಗುವುದು) ಕೂಡ ಆಗದು. ಸುಲಭದ ಸೂತ್ರವೊಂದಿದೆ: ವಸ್ತುವಿನ ಬೆಲೆಯನ್ನು ತೂಕದಿಂದ ಭಾಗಿಸಿ, 10ಕ್ಕಿಂತ ಕಡಿಮೆ ಬಂದರೆ ಅಲ್ಲೇ ಬಿಡಿ. ಕಬ್ಬಿಣದ ಕವಚ, ದೊಡ್ಡ ಕತ್ತಿ, ತಟ್ಟೆ, ಬಕೆಟ್ ಎಲ್ಲ ಇದರಲ್ಲಿ ಬಿದ್ದುಹೋಗುತ್ತವೆ. ಒಡವೆ, ಮದ್ದು, ಮಂತ್ರದ ಪುಸ್ತಕ, ಸೋಲ್ ಜೆಮ್ ಉಳಿಯುತ್ತವೆ. ಡ್ರ್ಯಾಗನ್ ಮೂಳೆಯ ತೂಕ 15, ಚಿಪ್ಪಿನದು 10. ಅವಕ್ಕೆ ಬೆಲೆಯಿದ್ದರೂ ಎರಡು ಡ್ರ್ಯಾಗನ್‌ಗೇ ಚೀಲ ತುಂಬುತ್ತದೆ. ಸಂಗಾತಿಗೆ ಹೊರಿಸಿ, ಇಲ್ಲವೇ ಮನೆಗೆ ಸಾಗಿಸಿ.

ಸಾಮಾನು ಇಡುವುದು ನಿಮ್ಮ ಸ್ವಂತ ಮನೆಯ ಪೆಟ್ಟಿಗೆಯಲ್ಲಿ ಮಾತ್ರ. ಹಾದಿಬದಿಯ ಪೀಪಾಯಿ, ಗುಹೆಯ ಪೆಟ್ಟಿಗೆಗಳಲ್ಲಿ ಇಟ್ಟದ್ದು ಆ ಜಾಗ ಮರುಹುಟ್ಟು ಪಡೆದಾಗ ಮಾಯವಾಗುತ್ತದೆ. ಸಾಮಾನ್ಯ ಜಾಗಗಳಿಗೆ ಆಟದೊಳಗಿನ 10 ದಿನ, ಪೂರ್ತಿ ಗೆದ್ದ ಗುಹೆಗಳಿಗೆ 30 ದಿನ. ಆಟದ ಒಂದು ದಿನ ಎಂದರೆ ನಮ್ಮ 72 ನಿಮಿಷ, ಆಫೀಸಿನಿಂದ ಬಂದು ಊಟ ಮುಗಿಸಿ ಕೂರುವ ಒಂದು ರಾತ್ರಿಗೆ ಸರಿಯಾಗಿ ಒಂದು ದಿನ.

ಅಂಗಡಿಯವರ ಬಳಿ ದುಡ್ಡು ಬೇಗ ಮುಗಿಯುತ್ತದೆ. ಸಾಮಾನ್ಯ ಅಂಗಡಿಯಲ್ಲಿ 750 ನಾಣ್ಯ, ಕಮ್ಮಾರರಲ್ಲಿ 1000ದ ಸುತ್ತಮುತ್ತ. 48 ಗಂಟೆಗೆ ಮತ್ತೆ ತುಂಬುತ್ತದೆ, ಟಿ ಕೀ ಒತ್ತಿ 24 ಗಂಟೆಯಂತೆ ಎರಡು ಸಲ ಕಾದರೆ ಆಯಿತು. ಅದಕ್ಕಿಂತ ಒಳ್ಳೆಯದು ಊರು ಬದಲಿಸುವುದು. ಲಾಯದ ಬಳಿ ನಿಲ್ಲುವ ಗಾಡಿಗಳು 20ರಿಂದ 50 ನಾಣ್ಯಕ್ಕೆ ಬೇರೆ ಊರಿಗೆ ಬಿಡುತ್ತವೆ.

ಕೊಂಡ ಮದ್ದಿಗೆ ದುಡ್ಡು ಸುರಿಯಬೇಡಿ. ದಾರಿಬದಿಯ ನೀಲಿ ಬ್ಲೂ ಮೌಂಟನ್ ಫ್ಲವರ್, ಹೊಲದ ಗೋಧಿ, ಇವೆರಡನ್ನು ಬೆರೆಸಿದರೆ ಆರೋಗ್ಯ ತುಂಬುವ ಮದ್ದು ತಯಾರು. ದೈತ್ಯನ ಕಾಲ್ಬೆರಳು, ಗೋಧಿ, ಕ್ರೀಪ್ ಕ್ಲಸ್ಟರ್ ಮೂರೂ ಸೇರಿದರೆ ಬಹಳ ಬೆಲೆಯ ಮದ್ದಾಗುತ್ತದೆ, ಅದನ್ನು ಮಾರಿದರೆ ಬ್ರೀಜ್‌ಹೋಮ್‌ನ 5000 ಬೇಗ ಕೂಡುತ್ತದೆ. ರಕ್ತಪಿಶಾಚಿಗಳ ಜೊತೆ ಹೊಡೆದಾಡಿದ ಮೇಲೆ ಮ್ಯಾಜಿಕ್ ಮೆನುವಿನ ಆ್ಯಕ್ಟಿವ್ ಎಫೆಕ್ಟ್ಸ್ ನೋಡುವುದನ್ನು ಮರೆಯಬೇಡಿ. ಸ್ಯಾಂಗ್ವಿನೇರ್ ವ್ಯಾಂಪಿರಿಸ್ ಎಂದಿದ್ದರೆ ಆಟದ 72 ಗಂಟೆಯೊಳಗೆ ಯಾವುದಾದರೂ ದೇವರ ಪೀಠ ಮುಟ್ಟಿ, ಕಾಯಿಲೆ ಹೋಗುತ್ತದೆ. ತಡಮಾಡಿದರೆ ನೀವೇ ಪಿಶಾಚಿ.

ದಾರಿ ತಪ್ಪುವ ವಿಧಾನ

ಈ ಆಟದ ಅತಿ ಉಪಯುಕ್ತ ಸೆಟ್ಟಿಂಗ್ ಯಾರೂ ಮುಟ್ಟದೆ ಬಿಟ್ಟಿರುವಂಥದ್ದು. ಜೆ ಕೀ ಒತ್ತಿ ಕ್ವೆಸ್ಟ್ ಪಟ್ಟಿ ತೆರೆಯಿರಿ, ಹೆಸರಿನ ಪಕ್ಕದ ಗುರುತನ್ನು ಒಂದೊಂದಾಗಿ ತೆಗೆಯಿರಿ. ದಿಕ್ಸೂಚಿಯ ಮೇಲಿನ ಬಾಣದ ಗುರುತುಗಳೆಲ್ಲ ಹೋಗುತ್ತವೆ. ಕ್ವೆಸ್ಟ್ ರದ್ದಾಗುವುದಿಲ್ಲ. ಈಗ ಫಾಸ್ಟ್ ಟ್ರಾವೆಲ್ ಬಿಟ್ಟು ವೈಟ್‌ರನ್‌ನಿಂದ ನಡೆದು ಹೊರಡಿ. ನೀರಿನ ಅಂಚಿಗೆ ಬಂದಾಗ ಸಣ್ಣಗೆ ಮೊಳಗುವ ಒಂದು ನಾದ ಕೇಳಿಸಿದರೆ ನಿಲ್ಲಿ. ಕಣ್ಣಿಗೆ ಕಾಣುವ ಮುಂಚೆ ಕಿವಿಗೆ ಸಿಗುವ ಅದು ನಿರ್ನ್‌ರೂಟ್ ಗಿಡ, ರಾತ್ರಿ ಹೊತ್ತು ಮಂದವಾಗಿ ಹೊಳೆಯುತ್ತಿರುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಎಡಕ್ಕೋ ಬಲಕ್ಕೋ ಎಂಬುದೂ ತಿಳಿಯುತ್ತದೆ. ನಮ್ಮ ರಸ್ತೆಯ ಹಾರ್ನ್‌ಗಳ ನಡುವೆ ಸ್ಪೀಕರ್‌ನಲ್ಲಿ ಆಡಿದರೆ ಇದು ಎಂದೂ ಕೇಳಿಸದು.

ಒಂದು ತೊಡಕಿದೆ. ಬಹಳಷ್ಟು ಕ್ವೆಸ್ಟ್‌ಗಳಲ್ಲಿ ಜಾಗ ಎಲ್ಲಿದೆಯೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬಾಣದ ಗುರುತನ್ನೇ ನಂಬಿ ಬರೆದ ಸಂಭಾಷಣೆಗಳವು. ಇದು ಆಟದ ದೊಡ್ಡ ಕೊರತೆ. ಹಾಗಾಗಿ ತಿರುಗಾಟಕ್ಕೆ ಗುರುತು ತೆಗೆದಿಡಿ, ಕ್ವೆಸ್ಟ್ ಮುಗಿಸುವ ದಿನ ಅದೊಂದನ್ನೇ ಹಚ್ಚಿ. ಬ್ಯಾರೆಂಜಿಯಾ ಕಲ್ಲು ಎಂಬ ರತ್ನ ಕಂಡರೆ ಯೋಚಿಸಿ ಎತ್ತಿ. ಒಟ್ಟು 24 ಇವೆ, ದೇಶದ ಉದ್ದಗಲಕ್ಕೂ ಹರಡಿವೆ, ಎಲ್ಲವೂ ಸಿಗುವವರೆಗೆ ಆ ಕ್ವೆಸ್ಟ್ ಮುಗಿಯುವುದಿಲ್ಲ.

ಸಿಕ್ಕಿಹಾಕಿಕೊಂಡಾಗ

ಬಂಡೆಗಳ ನಡುವೆ ಸಿಕ್ಕಿ ಪಾತ್ರ ಅಲುಗಾಡದಿದ್ದರೆ, ಎಸ್ಕೇಪ್ ಕೆಳಗಿನ ಕೀ ಒತ್ತಿ ಕನ್ಸೋಲ್ (ಆಟಕ್ಕೆ ಆದೇಶ ಬರೆಯುವ ಜಾಗ) ತೆರೆದು, ಟಿ, ಸಿ, ಎಲ್ ಎಂಬ ಮೂರು ಅಕ್ಷರ ಟೈಪ್ ಮಾಡಿ ಎಂಟರ್ ಕೊಡಿ. ಗೋಡೆಯ ಮೂಲಕವೂ ನಡೆದು ಹೊರಬರಬಹುದು. ಗಟ್ಟಿ ನೆಲದ ಮೇಲೆ ನಿಂತು ಅದನ್ನೇ ಮತ್ತೆ ಟೈಪ್ ಮಾಡಿ ನಿಲ್ಲಿಸಿ. ಲಿಡಿಯಾ ಕಾಣೆಯಾದರೆ ಎರಡು ಸಾಲು ಬೇಕು: ಮೊದಲು ಪಿ, ಆರ್, ಐ, ಡಿ, ಜಾಗ ಬಿಟ್ಟು 000ಎ2ಸಿ94. ನಂತರ ಮೂವ್‌ಟು ಎಂದು ಒಟ್ಟಾಗಿ, ಜಾಗ ಬಿಟ್ಟು ಪ್ಲೇಯರ್. ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ವಿಂಡ್‌ಹೆಲ್ಮ್‌ನ ಬ್ಲಡ್ ಆನ್ ದ ಐಸ್ ಕ್ವೆಸ್ಟ್ ಮಧ್ಯದಲ್ಲೇ ಕೆಟ್ಟು ನಿಲ್ಲುವುದಕ್ಕೆ ಕುಖ್ಯಾತ. ಅದನ್ನು ಶುರುಮಾಡುವ ಮುನ್ನ ಬೇರೆಯೇ ಸೇವ್ ಇಡಿ, ಹೇಳಿದ ಕ್ರಮ ಬಿಟ್ಟು ಯಾರನ್ನೂ ಮಾತಾಡಿಸಬೇಡಿ.

ಮಾಡ್‌ಗಳು

ಮೊದಲ ಕೆಲವು ವಾರ ಎರಡೇ ಸಾಕು: ಅನ್‌ಅಫಿಷಿಯಲ್ ಪ್ಯಾಚ್ ಮತ್ತು ಸ್ಕೈಯುಐ. ಮೊದಲನೆಯದು ನೂರಾರು ದೋಷ ಸರಿಪಡಿಸುತ್ತದೆ. ಎರಡನೆಯದು ಇನ್ವೆಂಟರಿಯಲ್ಲಿ ತೂಕ, ಬೆಲೆಗಳ ಕಾಲಂ ತೋರಿಸುತ್ತದೆ, ಮೇಲೆ ಹೇಳಿದ ಭಾಗಾಕಾರ ಕಣ್ಣಳತೆಯಲ್ಲೇ ಆಗಿಬಿಡುತ್ತದೆ. ಮಾಡ್ ಹಾಕಿದರೆ ಸ್ಟೀಮ್ ಅಚೀವ್‌ಮೆಂಟ್‌ಗಳು ಸಿಗುವುದಿಲ್ಲ, ಅದು ನಿಮಗೆ ಮುಖ್ಯವೇ ಎಂದು ಮೊದಲೇ ಯೋಚಿಸಿ.

1. ಸ್ಟೀಮ್ ಲೈಬ್ರರಿಯನ್ನು ಪ್ರೋಗ್ರಾಂ ಫೈಲ್ಸ್‌ನ ಹೊರಗೆ, ಬೇರೆ ಫೋಲ್ಡರ್‌ನಲ್ಲಿ ಮಾಡಿ ಆಟವನ್ನು ಅಲ್ಲಿಗೆ ಸಾಗಿಸಿ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ವಿಂಡೋಸ್ ಅಡ್ಡಿ ಮಾಡುತ್ತದೆ.
2. ಆಟವನ್ನು ಒಮ್ಮೆ ಮಾಡ್ ಇಲ್ಲದೆ ತೆರೆದು ಮುಚ್ಚಿ, ಸೆಟ್ಟಿಂಗ್ ಫೈಲ್‌ಗಳು ಹುಟ್ಟಲಿ.
3. ನಿಮ್ಮ ಆಟದ ಆವೃತ್ತಿ ಸಂಖ್ಯೆ ನೋಡಿಕೊಂಡು, ಅದಕ್ಕೆ ಹೊಂದುವ ಎಸ್‌ಕೆಎಸ್‌ಇ (ಮಾಡ್‌ಗಳಿಗೆ ಹೆಚ್ಚಿನ ಸಾಮರ್ಥ್ಯ ಕೊಡುವ ಸಾಧನ) ಹಾಕಿ. ಸ್ಕೈಯುಐ ಅದಿಲ್ಲದೆ ನಡೆಯದು.
4. ಮಾಡ್‌ಗಳನ್ನು ಮಾಡ್ ಆರ್ಗನೈಸರ್ 2 ಅಥವಾ ವೋರ್ಟೆಕ್ಸ್ ಎಂಬ ಮಾಡ್ ನಿರ್ವಹಣೆಯ ತಂತ್ರಾಂಶದ ಮೂಲಕವೇ ಹಾಕಿ, ಆಟದ ಫೋಲ್ಡರ್‌ಗೆ ನೇರವಾಗಿ ಸುರಿಯಬೇಡಿ.
5. ಒಂದು ಮಾಡ್ ಹಾಕಿ, ಹತ್ತು ನಿಮಿಷ ಆಡಿ, ನಂತರ ಇನ್ನೊಂದು.

ನಿನ್ನೆ ನಡೆಯುತ್ತಿದ್ದ ಆಟ ಇವತ್ತು ತೆರೆಯದಿದ್ದರೆ ಬಹುಪಾಲು ಕಾರಣ ಒಂದೇ: ರಾತ್ರೋರಾತ್ರಿ ಸ್ಟೀಮ್ ಆಟವನ್ನು ಅಪ್‌ಡೇಟ್ ಮಾಡಿದೆ, ಎಸ್‌ಕೆಎಸ್‌ಇ ಹಳೆಯದೇ ಉಳಿದಿದೆ. ಆಟದ ಪ್ರಾಪರ್ಟೀಸ್‌ನಲ್ಲಿ, ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಎಂಬುದನ್ನು ಆರಿಸಿ, ಆಮೇಲೆ ಸ್ಟೀಮ್‌ನ ಪ್ಲೇ ಬಟನ್ ಬಿಟ್ಟು ಮಾಡ್ ಆರ್ಗನೈಸರ್‌ನಿಂದ ಎಸ್‌ಕೆಎಸ್‌ಇ ಲೋಡರ್ ಮೂಲಕವೇ ಆಟ ತೆರೆಯಿರಿ.

ನಡುವೆ ಮಾಡ್ ತೆಗೆದುಹಾಕುವುದು ಹಾಕುವುದಕ್ಕಿಂತ ಅಪಾಯದ ಕೆಲಸ. ಸ್ಕ್ರಿಪ್ಟ್ ಇರುವ ಮಾಡ್‌ಗಳು ಸೇವ್ ಫೈಲ್‌ನೊಳಗೇ ಬೇರುಬಿಟ್ಟಿರುತ್ತವೆ. ತೆಗೆದ ದಿನ ಏನೂ ಆಗದೆ, ಹತ್ತಾರು ಗಂಟೆ ಆಡಿದ ಮೇಲೆ ಸೇವ್ ತೆರೆಯದೇ ಹೋಗಬಹುದು. ತೆಗೆಯಲೇಬೇಕೆಂದರೆ ಆ ಮಾಡ್ ಹಾಕುವುದಕ್ಕೆ ಮುಂಚಿನ ಸೇವ್‌ಗೆ ಹಿಂದಿರುಗಿ, ಅಂಥದ್ದು ಇಲ್ಲದಿದ್ದರೆ ಈ ಪಾತ್ರ ಮುಗಿಯುವವರೆಗೆ ಅದನ್ನು ಇಟ್ಟುಕೊಂಡು, ಹೊಸ ಪಾತ್ರ ಶುರುಮಾಡುವಾಗ ಕೈಬಿಡಿ.